ಮಹಡಿಯ ಇನ್ನೊಂದು ಕನೆಕ್ಷನ್

ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮ ಮನೆಗೆ ಎರಡನೇ ಇಂಟರ್‌ನೆಟ್ ಬಂತು. ಕೆಳಗೆ ಅಪ್ಪನದೊಂದು, ಮಹಡಿಯಲ್ಲಿ ಅತ್ತೆಯದೊಂದು. ಎರಡೂ ಬೇರೆ ಬೇರೆ ಕಂಪನಿಯವು. ಅದು ಬಂದದ್ದು ಜಗಳದಿಂದ.

ಅತ್ತೆ ಅಪ್ಪನಿಗಿಂತ ಹನ್ನೊಂದು ವರ್ಷ ದೊಡ್ಡವರು. ಮದುವೆಯಾಗಲಿಲ್ಲ. ಗಣಿತದ ಟೀಚರಾಗಿ ದುಡಿದು ಅಪ್ಪನನ್ನು ಓದಿಸಿದ್ದೇ ಅವರು. ನಿವೃತ್ತಿಯಾದ ಮೇಲೆ ಕಂಪ್ಯೂಟರಿನಲ್ಲಿ ಚೆಸ್ ಹಿಡಿದರು. ಯಾವುದೋ ಊರಿನ, ಮುಖ ಕಾಣದ ಜನರ ಜೊತೆ ಆಡುವಾಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, "ಬಾ ಮರಿ, ಬಾ, ಇನ್ನೊಂದು ಹೆಜ್ಜೆ" ಎಂದು ಪರದೆಯನ್ನೇ ಕರೆಯುತ್ತಿದ್ದರು. ಪಕ್ಕದಲ್ಲಿ ಮುಕ್ಕಾಲಿ ಹಾಕಿಕೊಂಡು ನೋಡುತ್ತಾ ನೋಡುತ್ತಾ ನಾನೂ ಆಟ ಕಲಿತೆ.

ಅಪ್ಪ ಕಟ್ಟಡಗಳ ನಕ್ಷೆ ಬರೆಯುವವರು. ಕೆಳಗಿನ ಮುಂಗೋಣೆಯೇ ಅವರ ಆಫೀಸು. ಒಂದು ಭಾನುವಾರ ಬೆಳಿಗ್ಗೆ ಅವರು ಕಳಿಸುತ್ತಿದ್ದ ನಕ್ಷೆ ಅರ್ಧಕ್ಕೇ ನಿಂತುಬಿಟ್ಟಿತು. ಅಪ್ಪ ರೌಟರಿನ ಪ್ಲಗ್ ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಿದರು. ಅದು ಕಣ್ಣು ಬಿಡುವಷ್ಟರಲ್ಲಿ ಮಹಡಿಯಲ್ಲಿ ಅತ್ತೆಯ ಆಟದ ಸಮಯ ಮುಗಿದು ಹೋಗಿತ್ತು. ಆವತ್ತು ಅವರದು ಟೂರ್ನಮೆಂಟಿನ ಕೊನೆಯ ಆಟ.

ಅತ್ತೆ ದಡದಡನೆ ಇಳಿದು ಬಂದರು. "ಯಾರು ಕಿತ್ತಿದ್ದು?"

"ನಾನೇ, ಅಕ್ಕ. ಸ್ಲೋ ಆಗಿತ್ತು."

"ಎರಡೇ ನಡೆ ಬಾಕಿ ಇತ್ತು ಕಣೋ!"

"ಆಟ ತಾನೇ? ನಾಳೆ ಆಡಿದ್ರಾಯ್ತು. ನಂದು ಕೆಲಸ."

ಅತ್ತೆ ಬಂದಷ್ಟು ಜೋರಾಗಿ ಹತ್ತಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ ಹೋದರು.

ಮೂರನೇ ದಿನ ಬೇರೆ ಕಂಪನಿಯ ವೈರಿನವನು ಏಣಿ ಹೊತ್ತು ಬಂದ. "ಒಂದೇ ಮನೆಗೆ ಎರಡು ಯಾಕೆ ಮೇಡಂ? ಒಂದ್ರಲ್ಲೇ ಹತ್ತು ಜನ ನೋಡ್ಬಹುದು."

"ನಮ್ಮನೇಲಿ ಹತ್ತು ಜನ ಇಲ್ಲ. ನೀವು ಹಾಕಿ," ಎಂದರು ಅತ್ತೆ. ವೈಫೈಗೆ ಹೆಸರೇನು ಇಡಲಿ ಎಂದು ಅವನು ಕೇಳಿದಾಗ ಒಂದು ಕ್ಷಣವೂ ಯೋಚಿಸಲಿಲ್ಲ.

ಅಂದು ಸಂಜೆ ಅಪ್ಪ ಫೋನ್ ತೆರೆದರೆ, ಅವರ ನೆಟ್‌ವರ್ಕಿನ ಕೆಳಗೇ ಹೊಸದೊಂದು ಹೆಸರು: "ಆಟ ತಾನೇ". ಅಮ್ಮ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಅಪ್ಪನ ಮುಖ ಮಾತ್ರ ಸಪ್ಪಗಾಯಿತು.

ಆಮೇಲಿನ ಐದು ತಿಂಗಳು ಅಕ್ಕ ತಮ್ಮನ ಮಾತುಕತೆಯೆಲ್ಲ ನನ್ನ ಮತ್ತು ಅಮ್ಮನ ಮೂಲಕವೇ. "ನಿಮ್ಮಪ್ಪನಿಗೆ ಹೇಳು, ನಲ್ಲಿ ಸೋರ್ತಿದೆ." "ನಿಮ್ಮತ್ತೆಗೆ ಹೇಳು, ನಂಗೂ ಕಿವಿ ಇದೆ." ನನಗಂತೂ ಸುಗ್ಗಿ, ಕೆಳಗೆ ಬೈದರೆ ಮೇಲೆ, ಮೇಲೆ ಬೈದರೆ ಕೆಳಗೆ.

ಒಂದು ದಿನ ರಸ್ತೆ ಅಗೆಯುವವರು ಅಪ್ಪನ ಕಂಪನಿಯ ಕೇಬಲ್ಲನ್ನೇ ಕಡಿದು ಹಾಕಿದರು. ಆವತ್ತು ಮಧ್ಯಾಹ್ನ ಹನ್ನೆರಡರೊಳಗೆ ಒಂದು ದೊಡ್ಡ ಶಾಲೆಯ ನಕ್ಷೆ ಕಳಿಸಬೇಕಿತ್ತು. ಅಪ್ಪನ ಎಂಟು ತಿಂಗಳ ಕೆಲಸ. ಫೋನಿನ ಇಂಟರ್‌ನೆಟ್ಟಿನಲ್ಲಿ ಆ ಫೈಲು ಮಿಸುಕಲೂ ಇಲ್ಲ. ಪರದೆಯ ಮೇಲೆ ಉಳಿದದ್ದು "ಆಟ ತಾನೇ" ಒಂದೇ, ಅದೂ ಕೆಳಗಿನವರೆಗೆ ಸರಿಯಾಗಿ ಸಿಗುತ್ತಿರಲಿಲ್ಲ. ಅಪ್ಪ ಅದನ್ನು ನೋಡುತ್ತಾ ಕೂತರೇ ಹೊರತು ಮೇಲೆ ಹೋಗಿ ಕೇಳಲಿಲ್ಲ.

ನಾನೇ ಮೇಲೆ ಓಡಿದೆ. ಅತ್ತೆ ಆಟದ ಮಧ್ಯದಲ್ಲಿದ್ದರು. ಎದುರಿನವನ ರಾಜ ಮೂಲೆ ಸೇರಿದ್ದು ನನಗೂ ಕಾಣುತ್ತಿತ್ತು. ನಾನು ವಿಷಯ ಹೇಳಿದೆ.

"ಅವನೇ ಕಳಿಸಿದ್ನಾ?"

"ಇಲ್ಲ ಅತ್ತೆ. ಸುಮ್ನೆ ಕೂತಿದ್ದಾರೆ."

ಅತ್ತೆ ಗಡಿಯಾರ ನೋಡಿದರು. ಹನ್ನೊಂದೂವರೆ. ಮೌಸನ್ನು ಸರಿಸಿ, ಸೋಲೊಪ್ಪುವ ಗುಂಡಿ ಒತ್ತಿದರು. "ನಿಮ್ಮಪ್ಪಂಗೆ ಹೇಳಿದ್ರೆ ನೋಡು!" ಎಂದು ನನ್ನ ಕಿವಿ ಹಿಂಡಿ, ರೌಟರಿನ ಪ್ಲಗ್ ತಾವೇ ಕಿತ್ತರು. ವೈರನ್ನು ಎಳೆಯುತ್ತಾ ರೌಟರನ್ನು ಮೆಟ್ಟಿಲ ನಡುವಿನವರೆಗೆ ತಂದು, ಅಲ್ಲಿನ ಸ್ವಿಚ್‌ಬೋರ್ಡಿಗೆ ಚುಚ್ಚಿ, ಅಪ್ಪನ ಕುರ್ಚಿಯ ಹಿಂದೆ ನಿಂತು ಪಾಸ್‌ವರ್ಡ್ ಒತ್ತಿದರು.

"ನಿನ್ನ ಆಟ, ಅಕ್ಕ?" ಎಂದರು ಅಪ್ಪ, ತಿರುಗಿ ನೋಡದೆ.

"ಮುಗೀತು."

"ಗೆದ್ಯಾ?"

"ನಿನ್ನ ಫೈಲು ನೋಡ್ಕೋ ಮೊದಲು."

ಹನ್ನೆರಡಕ್ಕೆ ನಾಲ್ಕು ನಿಮಿಷ ಇರುವಾಗ ನಕ್ಷೆ ಹೋಯಿತು. ಆವತ್ತು ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತರು. ಅಮ್ಮ ಇಬ್ಬರಿಗೂ ಕೇಳದೆಯೇ ಇನ್ನಷ್ಟು ಬಡಿಸಿದಳು. ಆಮೇಲೂ ಎರಡು ಕನೆಕ್ಷನ್ನೂ ಹಾಗೇ ಉಳಿದವು. ತೆಗೆಸುವ ಮಾತನ್ನು ಯಾರೂ ಎತ್ತಲಿಲ್ಲ. ಮನೆ ತುಂಬ ಮಾತಿದ್ದ ವರ್ಷಗಳು ಅವು.

ಅತ್ತೆ ತೀರಿಕೊಂಡು ಒಂದು ವರ್ಷವಾದ ಮೇಲೆ ಮಹಡಿಯ ಕನೆಕ್ಷನ್ ನಿಲ್ಲಿಸಲು ನಾನೇ ಫೋನ್ ಮಾಡಿದೆ. ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಆ ಕಡೆಯ ಹುಡುಗಿ, "ಯಾಕೆ ನಿಲ್ಲಿಸ್ತಿದ್ದೀರಾ ಮೇಡಂ? ನಮ್ಮ ಸರ್ವೀಸ್‌ನಲ್ಲಿ ಏನಾದ್ರೂ ತೊಂದ್ರೆ ಆಯ್ತಾ?" ಎಂದಳು.

"ಇಲ್ಲಮ್ಮ, ತುಂಬ ಚೆನ್ನಾಗಿತ್ತು," ಎಂದೆ. ಫೋನ್ ಇಟ್ಟವಳೇ ಅಪ್ಪನಿಗೆ ಹೇಳಿಬಿಟ್ಟೆ. "ಕೇಬಲ್ ಕಡಿದ ದಿನ ಅತ್ತೆ ಗೆಲ್ತಾ ಇದ್ರು, ಅಪ್ಪ. ನಿಮಗೋಸ್ಕರ ಬಿಟ್ಟುಕೊಟ್ರು."

ಅಪ್ಪ ಪೇಪರನ್ನು ಮಡಿಸಿದರು.

"ಹೇಳ್ಲೇ ಇಲ್ವಲ್ಲ ಅವಳು," ಎಂದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ, "ಹೆಂಗಿತ್ತು ಆಟ? ನಿಂಗೆ ನೆನಪಿದ್ಯಾ? ನಂಗೆ ಕುದುರೆ ಹೆಂಗೆ ನಡೆಯುತ್ತೆ ಅಂತಾನೂ ಗೊತ್ತಿಲ್ಲ. ಮೊದಲಿಂದ ಹೇಳು," ಎಂದು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.