ಎಡಕ್ಕೆ ಹೊರಳುವ ದೋಣಿ

ತಂತಿಯ ತುದಿಯ ವಾರ್ನಿಶನ್ನು ಬ್ಲೇಡಿನಿಂದ ಕೆರೆಯುತ್ತಿದ್ದೆ. ಅದೇ ಮೋಟಾರನ್ನು ಬಿಚ್ಚಿ ಸುತ್ತುತ್ತಿದ್ದುದು ಮೂರನೇ ಸಲ. ಕೂದಲೆಳೆಯಂಥ ತಂತಿ ಬೆರಳ ತುದಿಗಳನ್ನು ಕೊಯ್ದಿತ್ತು.

ಕೆರೂರಿನಲ್ಲಿ ನಮ್ಮದು ಸುಟ್ಟ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ. ಏಳನೇ ಇಯತ್ತೆಗೆ ಶಾಲೆ ಬಿಡಿಸಿ ಅಪ್ಪ ನನ್ನನ್ನು ಅಲ್ಲಿ ಕೂರಿಸಿದ್ದ. ಶಾಲೆಗಾಗಿ ನಾನು ಅತ್ತವಳಲ್ಲ. ಅಂಗಡಿಯ ಮೂಲೆಯಲ್ಲಿ ನಾನು ಕೂರುವ ಆ ಮಣೆ ಒಂದಿದ್ದರೆ ನನಗೆ ಬೇರೇನೂ ಬೇಕಿರಲಿಲ್ಲ.

ಬಾದಾಮಿಯಿಂದ ಚಾಂದಸಾಬ ಮಾಸ್ತರರು ಬಂದು, ವಿಜ್ಞಾನ ಪ್ರದರ್ಶನಕ್ಕೆ ಎರಡು ಮೋಟಾರಿನ ಆಟದ ದೋಣಿಯೊಂದನ್ನು ಮಾಡಿಕೊಡಲು ಹೇಳಿದ್ದರು. ಅಪ್ಪ ಟೇಪ್ ರೆಕಾರ್ಡರಿನ ಸುಟ್ಟ ಮೋಟಾರು ಎರಡನ್ನು ತಂದ. ಸುತ್ತಿದವಳು ನಾನು. ಎಣ್ಣೆ ಡಬ್ಬಿಯ ತಗಡಿನಲ್ಲಿ ನೀರು ತಳ್ಳುವ ಪಂಖ ಕತ್ತರಿಸಿದವನು ಅಣ್ಣ ಅಮಾತೆಪ್ಪ. ಒಂದು ಮೋಟಾರು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗಿದರೆ ದೋಣಿ ನೇರ ಹೋಗುತ್ತದೆಂದು ಅಪ್ಪ ಹೇಳಿದ. ಪಂಪಿನ ಮೋಟಾರಿಗೆ ತಂತಿ ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ, ಓಟ ಮಾತ್ರ ಇಳಿಯುವುದಿಲ್ಲ. ಇಪ್ಪತ್ತು ವರ್ಷ ಹಾಗೆ ಮಾಡಿದವನು ಇಲ್ಲೂ ಎಡಗಡೆಯದಕ್ಕೆ ಹಾಗೇ ಮಾಡಿ, ಅದರ ಪಂಖವನ್ನೂ ಉಲ್ಟಾ ಬಗ್ಗಿಸಿದ.

ದನಗಳ ನೀರಿನ ತೊಟ್ಟಿಯಲ್ಲಿ ಬಿಟ್ಟಾಗ ದೋಣಿ ಎಡಕ್ಕೆ ಹೊರಳಿ ಕಲ್ಲಿಗೆ ಮೂತಿ ಹೊಡೆಯಿತು. ಎಡಗಡೆಯ ಮೋಟಾರಿಗೆ ಸುತ್ತು ಕಡಿಮೆ ಬಿದ್ದಿದೆಯೆಂದು ಅಪ್ಪ ಬಿಚ್ಚಿಸಿದ. ಸುತ್ತಿ ಬಿಟ್ಟರೆ ಮತ್ತೆ ಎಡಕ್ಕೇ. ಎರಡನೇ ಸಲ ಬಿಚ್ಚುವಾಗ ಅಪ್ಪನೂ ಎದುರು ಕೂತು ಎಣಿಸಿದ. ಅವನ ತುಟಿ ನೂರಾ ಇಪ್ಪತ್ತಕ್ಕೆ ನಿಂತಿತು. ಸರಿಯಾಗಿತ್ತು. ತಂತಿಯನ್ನು ಮತ್ತೆ ನನ್ನ ಕಡೆ ತಳ್ಳಿ ಎದ್ದುಹೋದ.

ಮೂರನೇ ಸಲ ಸುತ್ತಿ ಮುಗಿಸಿದ ಮೇಲೆ, ಅವನು ಊಟಕ್ಕೆ ಹೋದಾಗ, ನಾನು ಎರಡೂ ಮೋಟಾರನ್ನು ಸೆಲ್ಲಿಗೆ ಹಚ್ಚಿ ಕಿವಿಗೆ ಹಿಡಿದು ನೋಡಿದೆ. ಉಲ್ಟಾ ತಿರುಗಿಸಿದರೆ ಯಾವುದೇ ಆಗಲಿ, ಅದರ ದನಿ ಇಳಿದು ಓಟ ಕುಂದುತ್ತಿತ್ತು. ನೇರ ತಿರುಗಿಸಿದರೆ ಎರಡೂ ಒಂದೇ ಸಮ.

ಆ ಸಂಜೆ ಮಾಸ್ತರರು ಬಂದರು. ಮೂರನೇ ಸಲ ಸುತ್ತಿದ್ದನ್ನು ಜೋಡಿಸಿ ಅವರೆದುರೇ ಬಿಟ್ಟೆವು. ಮತ್ತೆ ಎಡಕ್ಕೆ. ಇಪ್ಪತ್ತು ವರ್ಷದ ಮೇಸ್ತ್ರಿಯ ಕೆಲಸ ಇದೇನಾ ಎಂದು ಅವರು ಕೇಳಿದರು.

"ಹೆಣ್ಣುಡುಗಿ ಕೈಯಾಗ ಕೊಟ್ಟದ್ದು ನಂದ ತಪ್ಪರಿ ಸರ," ಎಂದ ಅಪ್ಪ. "ಇಕಿಗೆ ನೆಟ್ಟಗ ಸುತ್ತು ಎಣಿಸಾಕ ಬರೂದಿಲ್ಲ. ನಾಳಿಯಿಂದ ಅಂಗಡಿ ಬ್ಯಾಡ ಇಕಿಗೆ, ಮನ್ಯಾಗ ರೊಟ್ಟಿ ಬಡೀಲಿ."

"ರೊಟ್ಟಿನೂ ಎಡಕ್ಕ ಹೊರಳ್ತಾವ ನೋಡ್ರಿ," ಎಂದ ಅಮಾತೆಪ್ಪ. ಮಾಸ್ತರರೂ ನಕ್ಕರು.

ನಾನು ಅಪ್ಪನನ್ನು ನೋಡಿದೆ. ಅವನು ನನ್ನ ಮಣೆಯನ್ನು ಕಾಲಿನಿಂದ ಗೋಡೆಯ ಕಡೆ ತಳ್ಳಿದ.

"ಯಪ್ಪಾ," ಎಂದೆ, "ಎರಡೂ ಒಂದ ಕಡೆ ತಿರುಗಿಸಿ ಒಮ್ಮೆ ಬಿಟ್ಟು ನೋಡು. ಎಡಗಡೆ ಪಂಖ ನಾನ ಮತ್ತ ಬಗ್ಗಿಸಿ ಕೊಡ್ತೇನಿ."

ಅಪ್ಪ ಚಹಾದ ಕಪ್ಪನ್ನು ಮಾಸ್ತರರ ಕಡೆ ಸರಿಸಿದ.