ಸಂಜೆಯ ಕಡೆ ನಿಂತ ಚುಕ್ಕೆ

ಓಡಿಹೋಗುತ್ತಿವೆಯಲ್ಲ, ಭೂಮಿಗೆ ಬೆನ್ನು ಹಾಕಿ ಓಡಿಹೋಗುತ್ತಿವೆಯಲ್ಲ ಈ ಚುಕ್ಕೆಗಳು, ಕೆಂಪು ಪ್ರೋಟಾನು, ನೀಲಿ ಎಲೆಕ್ಟ್ರಾನು, ಭೂಮಿಯನ್ನು ಕವಿದ ಕಾಂತಗೋಳದ, ಸೂರ್ಯನಿಗೆ ಬೆನ್ನಾಗಿ ಚಾಚಿದ ಬಾಲದಿಂದ ಹೊರಟು ಭೂಮಿಯ ಕಡೆಗೆ ಬರಬೇಕಾದವು — ಅವನು ಕಣ್ಣುಜ್ಜಿಕೊಂಡು ಮತ್ತೆ ಕಂಪ್ಯೂಟರ್ ಪರದೆ ನೋಡಿದ, ಪಕ್ಕದ ಕುರ್ಚಿಯಲ್ಲಿ ಗುಬ್ಬಿ, ಹೆಂಡತಿಯ ಮಗಳು, ಶಾಲೆ ಬೇಗ ಬಿಟ್ಟಿತೆಂದು ಅವನ ಪ್ರಯೋಗಾಲಯಕ್ಕೆ ಬಂದವಳು, ಪೆನ್ಸಿಲ್ ಕಚ್ಚುತ್ತಿದ್ದಾಳೆ, ಕಚ್ಚಬೇಡ ಅನ್ನಲೇ, ಬೇಡ, ಮನೆಗೆ ಬಂದು ಎರಡು ವರ್ಷವಾದರೂ ಅಪ್ಪ ಅನ್ನಿಸಿಕೊಳ್ಳದವನಿಗೆ ಪೆನ್ಸಿಲ್ಲಿನ ಉಸಾಬರಿ ಯಾಕೆ, ಬೆಳಿಗ್ಗೆ ಹೆಂಡತಿ ನರ್ಸ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ನಾನು ಟ್ರೇನಿಂಗ್‌ಗೆ ಹೋದ ಮೇಲೆ ಇವಳು ಅಜ್ಜಿ ಹತ್ರ ಇರ್ತಾಳೋ ನಿಮ್ಮ ಹತ್ರ ಇರ್ತಾಳೋ ಸಂಜೆಯೊಳಗೆ ಅವಳೇ ಹೇಳ್ಲಿ, ಬಲವಂತ ಮಾಡ್ಬೇಡಿ ಅಂದಳು, ಬಲವಂತದ ಪಾಡು ಅವನಿಗೆ ಗೊತ್ತಿಲ್ಲವೇ, ವಿದ್ಯುತ್ ಕ್ಷೇತ್ರ ಒಂದು ಕಡೆಗೆ ದೂಡಿದರೆ ಕಣ ಆ ಕಡೆ ಹೋಗುವುದೇ ಇಲ್ಲ, ಕಾಂತಕ್ಷೇತ್ರ ಅದನ್ನು ಗಿರಗಿರ ತಿರುಗಿಸುತ್ತಾ ಅಡ್ಡಕ್ಕೆ ಜಾರಿಸುತ್ತದೆ, ಧನವಾಗಲಿ ಋಣವಾಗಲಿ ಎರಡನ್ನೂ ಒಂದೇ ದಿಕ್ಕಿಗೆ — ಹೊಸದರಲ್ಲಿ ಸೈಕಲ್ ಕಲಿಸ್ತೀನಿ ಬಾ ಎಂದು ದುಂಬಾಲು ಬಿದ್ದಾಗ ದಡಾರನೆ ಬಾಗಿಲು ಹಾಕಿಕೊಂಡವಳು, ಅವನು ತನ್ನ ಪಾಡಿಗೆ ಈರುಳ್ಳಿ ಹೆಚ್ಚುತ್ತಿದ್ದಾಗ ತಾನಾಗಿಯೇ ಬಂದು ನಿಂತಿದ್ದಳು, ಎಷ್ಟು ದಪ್ಪ ಹೆಚ್ತೀರಪ್ಪಾ ನೀವು, ಆ ಅಪ್ಪಾ ಲೆಕ್ಕಕ್ಕಿಲ್ಲ, ಹಾಲಿನವನಿಗೂ ಹಾಗೇ ಅಂತಾಳೆ, ಆದರೂ ಕಣ್ಣು ತುಂಬಿ ಬಂದದ್ದನ್ನು ಈರುಳ್ಳಿಯ ತಲೆಗೆ ಕಟ್ಟಿದ್ದ. ಅಂದಿನಿಂದ ಅವನು ಅವಳನ್ನು ಯಾವುದಕ್ಕೂ ಕರೆದಿಲ್ಲ.

ಥತ್ತೇರಿ, ಲೆಕ್ಕದಲ್ಲಿ ತಾನೇ ಕಾಂತಕ್ಷೇತ್ರವನ್ನು ತಲೆಕೆಳಗೆ ಹಾಕಿದ್ದಾನೆ, ಭೂಮಿಯೆಂಬ ಅಯಸ್ಕಾಂತದ ದಕ್ಷಿಣ ಧ್ರುವ ಇರುವುದು ನಮ್ಮ ಉತ್ತರದಲ್ಲಿ, ವಿದ್ಯಾರ್ಥಿಗಳು ಇಲ್ಲಿ ಎಡವಿದರೆ ಗದರುವ ದೊಡ್ಡ ಮನುಷ್ಯ — ಚಿಹ್ನೆ ಬದಲಿಸಿದ, ಪ್ರೋಗ್ರಾಮನ್ನು ಮತ್ತೆ ಓಡಿಸಿದ, ಬಂದವು, ಕೆಂಪು ನೀಲಿ ಜೊತೆಜೊತೆಯಾಗಿ ಬಂದವು, ಭೂಮಿಯ ತೀರಾ ಹತ್ತಿರ ಬಿಟ್ಟಂಥವು ಅದರ ಜೊತೆಗೇ ಸುತ್ತುತ್ತಾ ಉಳಿಯುತ್ತವೆ, ದೂರದವು ಪಕ್ಕದಿಂದ ಸರಿದು ಸೂರ್ಯನ ಕಡೆಗೆ ಹೊರಟುಬಿಡುತ್ತವೆ, ಇವಳು ಯಾವುದು, ಉಳಿಯುವುದೋ ಹೊರಡುವುದೋ, ಕೇಳಬಾರದು, ಕೇಳಿದರೆ ಅಡ್ಡಕ್ಕೆ ಜಾರಿಯಾಳು — ಇದೊಂದ್ಯಾಕೆ ನಿಂತ್ಬಿಟ್ಟಿದೆ, ಗುಬ್ಬಿ ಪರದೆಯ ಮೇಲೆ, ಭೂಮಿಯ ಸಂಜೆಯ ಕಡೆ, ಹಗಲು ಇರುಳಾಗುವ ಅಂಚಿನಲ್ಲಿ, ಬೆರಳಿಟ್ಟಳು. ಅಲ್ಲಿ ಎರಡು ಸೆಳೆತ ಸರಿಸಮ ಪುಟ್ಟಾ, ಒಂದು ನನ್ನ ಜೊತೆ ಸುತ್ತು ಅನ್ನುತ್ತೆ, ಇನ್ನೊಂದು ಹೊರಡು ಅನ್ನುತ್ತೆ, ಅದಕ್ಕೇ ನಿಂತಿದೆ. ಅವಳು ಬೆರಳು ತೆಗೆಯಲಿಲ್ಲ, ಅವನ ಕಡೆ ನೋಡಲೂ ಇಲ್ಲ, ಎಲ್ಲಿರ್ತೀಯ ಅಂತ ಅಮ್ಮ ಕೇಳಿದ್ಲು, ಅಜ್ಜಿ ಫೋನ್ ಮಾಡಿ ಬಾ ಅಂದ್ರು, ನೀವೊಬ್ರೇ ನಂಗೆ ಇರು ಅಂತ ಅನ್ಲೇ ಇಲ್ಲ.

ಅಯ್ಯೋ, ಇಷ್ಟು ದಿನ ಬೇಕೆಂದೇ ಸುಮ್ಮನಿದ್ದನಲ್ಲ, ದೂಡಬಾರದೆಂದು, ಅದು ಇವಳಿಗೆ ನೀನು ಬೇಡ ಎಂದಂತೆ ಕೇಳಿಸಿತೇ — ಇರು, ಎಂದ, ಇರು ಪುಟ್ಟಾ, ನೀನಿಲ್ದಿದ್ರೆ ನಂಗೆ ಆಗಲ್ಲ, ಚುಕ್ಕೆ ಕಾಣುತ್ತಿಲ್ಲ, ಅವಳ ಬೆರಳು ಅದರ ಮೇಲಿದೆ, ಗಾಜಿಗೆ ಒತ್ತಿ ತುದಿ ಬೆಳ್ಳಗಾದ ಬೆರಳು, ತೆಗೆಯುತ್ತಿಲ್ಲ, ಚುಕ್ಕೆ ಹೊರಟುಹೋಗದಂತೆ ಹಿಡಿದಿಟ್ಟಿದೆ ಆ ಬೆರಳು.