ಶಾಕೀರನ ದವಡಿ

೧

ಎಲ್ಲಿಂದ ಸುರು ಮಾಡ್ಲಿ? ಅದಿರಿನ ಕೆಂಪು ಧೂಳಿಂದ ಅಂತೀರೇನು, ಬ್ಯಾಡ್ರಿ. ಬಳ್ಳಾರಿ ಕತಿ ಅಂದಕೂಡ್ಲೆ ಎಲ್ಲಾರೂ ಅಲ್ಲಿಂದನ ಸುರು ಮಾಡಿ, ಕಣ್ಣು ಉಜ್ಜಿಕೊಂತ ಮುಗಸ್ತಾರ. ನಾವು ದವಡಿಂದ ಸುರು ಮಾಡೂಣು. ಯಾರ ದವಡಿ ಅಂದ್ರ, ಶಾಕೀರಂದು.

(ದವಡಿ ಮ್ಯಾಲೆ ಏನು ಕತಿ ಬರೀತಾನ, ಇವನ ತಲಿ ನೆಟ್ಟಗ ಐತೋ ಇಲ್ಲೋ ಅನ್ನಾಕತ್ತೀರಿ. ಸ್ವಲ್ಪ ತಡೀರಿ.)

೨

ಶಾಕೀರ್ ಕುರುಗೋಡಿನಾವ. ಬಳ್ಳಾರಿ ಕಂಟೋನ್ಮೆಂಟಿನಾಗ ಬಾಡಿಗಿ ಮನಿ, ಹೆಂಡ್ತಿ ಹುಮೇರಾ. ಅದಿರು ಲಾರಿ ಕಳಸೋ ಟ್ರಾನ್ಸ್‌ಪೋರ್ಟ್ ಆಫೀಸಿನಾಗ ಕೆಲಸ. ಹಳೇ ಫೋನು ದವಡಿಗೂ ಹೆಗಲಿಗೂ ನಡುವ ಸಿಗಸ್ಕೊಂಡು ಡ್ರೈವರಗ ಬೈತಿದ್ದ, ಕೈಯಾಗ ಇನ್ನೊಂದು, ಹೊಸಾ ಟಚ್ ಸ್ಕ್ರೀನು. ಆಗ ಅವು ಬಳ್ಳಾರಿಗೆ ಹೊಸದಾಗಿ ಬಂದಿದ್ವು. ಅದು ಕೈಗೆ ಬಂದ ಮ್ಯಾಲಂತೂ ಬಗ್ಗಿದ ಕತ್ತು ಮ್ಯಾಲೇಳಲೇ ಇಲ್ಲ. ಊಟಕ್ಕ ಕುಂತ್ರೂ ಫೋನು, ಸಂಡಾಸಕ್ಕ ಹೋದ್ರೂ ಫೋನು. ಹಲ್ಲು ಕಚಗೊಂಡು ನೋಡಿದ್ದ ನೋಡಿದ್ದು.

ಆ ಧಂದೆದಾಗ ಸುಳ್ಳು ಅನ್ನೂದು ಸುಳ್ಳಲ್ಲ, ಡ್ಯೂಟಿ. ಮಾಲಿನ ಪಾರ್ಟಿ ಕೇಳಿದ್ರ, ಕುಡತಿನಿಯಾಗ ಪಂಚರ್ ಆಗಿ ನಿಂತ ಲಾರಿನ ಶಾಕೀರ್ ಫೋನಿನಾಗ ಹುಬ್ಬಳ್ಳಿ ದಾಟಸ್ತಿದ್ದ. ಪಾರ್ಟಿ ನಂಬದಿದ್ರ ಬಾಜೂ ಕುಂತ ಗುಮಾಸ್ತ ಫೋನ್ ಇಸಗೊಂಡು, ನಾನ ಡ್ರೈವರ್ ಅಂತ ಸಾಕ್ಷಿ ಹೇಳ್ತಿದ್ದ. ಮನ್ಯಾಗ ಹುಮೇರಾ ಇದನ್ನೆಲ್ಲಾ ಕೇಳಿ ಕೇಳಿ ಹೊಟ್ಟಿ ಹಿಡಕೊಂಡು ನಗ್ತಿದ್ಲು.

೨ (ಮತ್ತ)

ಒಂದು ಮಾತು ಬಿಟ್ಟೆ. ಹುಮೇರಾನ ಅಪ್ಪ ಶಾಮೀದಸಾಬ ಗುಟ್ಕಾ ತಿಂದು ತಿಂದು ಬಾಯಿ ಸೆಟಗೊಂಡು, ಕಡೀಕ ಚಮಚ ಗಂಜಿನೂ ಒಳಗ ಹೋಗದಂಗಾಗಿ ತೀರಕೊಂಡ. ಆ ವರ್ಷದ ಮೊಹರಂದಾಗ ಹುಮೇರಾ ಗಂಡನ್ನ ಪೀರಲ ದೇವರ ಮುಂದ ನಿಲ್ಲಿಸಿ, ಇನ್ನ ಗುಟ್ಕಾ ಮುಟ್ಟಂಗಿಲ್ಲ ಅಂತ ಆಣಿ ಮಾಡಿಸಿದ್ಲು. ಅವತ್ತಿಂದ ಶಾಕೀರ್ ಮುಟ್ಟಿಲ್ಲ. ಇದು ಖರೇ. ಬರದಾವ ನಾನು, ನನಗ ಗೊತ್ತು. ಆಕಿಗೆ ಗೊತ್ತಾಗೂದು ಹೆಂಗ, ಅದ ತ್ರಾಸು.

೩

ಸಿರುಗುಪ್ಪದಾಗ ಅತ್ತಿ ಗುಲ್ಜಾರಬೀ ಮನಿ. ಎಲ್ಲಾರೂ ಊಟಕ್ಕ ಕುಂತಿದ್ರು. ಶಾಕೀರ್ ತುತ್ತು ಎತ್ತಿ ಬಾಯಿ ತೆರದ. ಕಿವಿ ಮುಂದ ಟಕ್ ಅಂತು, ಬಾಯಿ ಅರ್ಧಕ್ಕ ನಿಂತು ಬಿಡ್ತು. ತುತ್ತು ವಾಪಸ್ ತಾಟಿಗೆ ಬಿತ್ತು. ಗುಲ್ಜಾರಬೀ ಕೈನೂ ತೊಳೀದ ಎದ್ದು ಒಳಗ ಹೋದ್ಲು. ಅಂಥಾ ಬಾಯಿನ ಆಕಿ ಮೊದ್ಲ ಒಮ್ಮೆ ನೋಡಿದ್ಲು, ಗಂಡಂದು.

ಹುಮೇರಾ ಗಂಡನ ಅಂಗಿ ಕಿಸೆ, ಪ್ಯಾಂಟಿನ ಕಿಸೆ, ಬೈಕಿನ ಡಬ್ಬಿ, ಎಲ್ಲಾ ಜಾಲಾಡಿದ್ಲು. ಒಂದು ಗುಟ್ಕಾ ಚೀಟೂ ಸಿಗಲಿಲ್ಲ. ಸಿಗದ ಇದ್ದದ್ದಕ್ಕ ಅನುಮಾನ ಇನ್ನೂ ಗಟ್ಟಿ ಆತು. ಇಷ್ಟು ಚಂದ ಮುಚ್ಚಿಡಾಕ ಕಲ್ತಾನಂದ್ರ ಬಾಳ ದಿನದಿಂದ ತಿನ್ನಾಕತ್ಯಾನ, ಅಂತ. ನಾ ಬಳ್ಳಾರಿಗೆ ಬರಂಗಿಲ್ಲ ಅಂದು ತೌರುಮನ್ಯಾಗ ಉಳದ್ಲು.

(ಇಲ್ಲಿ ಮೊದ್ಲ ಒಂದು ಜಗಳದ ಸೀನು ಬರದಿದ್ದೆ, ಭಾಂಡೆ ಎಲ್ಲಾ ಒಗಸಿದ್ದೆ. ಹುಮೇರಾ ಒಪ್ಪಲಿಲ್ಲ. ಭಾಂಡೆ ನಮ್ಮವ್ವಂದು, ನೆಗ್ಗಿದ್ರ ನೀವು ತಂದುಕೊಡ್ತೀರೇನು ಅಂತ ಕೇಳಿದ್ಲು. ಡಿಲೀಟ್ ಮಾಡಿದೆ.)

೫

(ನಾಕು ಎಲ್ಲಿ ಹೋತು? ಅದರಾಗ ಫೋನಿನ ಬಗ್ಗೆ ಉದ್ದಕ ಉಪದೇಶ ಇತ್ತು. ಓದಿ ನನಗ ಆಕಳಿಕಿ ಬಂತು. ಶಾಕೀರಗ ಪಾಪ ಆಕಳಿಸಾಕೂ ಆಗವಲ್ದು.)

ಸತ್ಯನಾರಾಯಣಪೇಟಿ ಹಲ್ಲಿನ ಡಾಕ್ಟರು ಕೆನ್ನಿ ಒಳಗ ಬೆರಳು ಆಡಿಸಿ, ಮೆತ್ತಗ ಐತಿ, ಗುಟ್ಕಾದ ಗುರ್ತಿಲ್ಲ ಅಂದ್ರು. ಎರಡೂ ಕಿವಿ ಮುಂದ ಬೆರಳಿಟ್ಟು ಬಾಯಿ ತೆರಿ, ಮುಚ್ಚು ಅಂದ್ರು. ದವಡಿ ಕೀಲು ಸೋತೈತಿ ಅಂದ್ರು. ಫೋನು ಹೆಂಗ ಹಿಡೀತಿ ತೋರ್ಸು ಅಂದಾಗ ಶಾಕೀರ್ ತೋರಿಸಿದ. ಫೋನೊಂದ ಕಾರಣ ಅಂತ ಗಟ್ಟಿಯಾಗಿ ಹೇಳಾಕ ಬರಂಗಿಲ್ಲ, ಆದ್ರ ದಿನಾ ಕತ್ತು ಬಗ್ಗಿಸಿ ಹಲ್ಲು ಕಚ್ಚೂದು ಇದಕ್ಕ ಕೂಡಿರಬಹುದು. ಫೋನು ಕಡಿಮಿ ಮಾಡು, ಮೆತ್ತಂದು ತಿನ್ನು, ಬಿಸಿ ಕಾವು ಕೊಡು ಅಂದ್ರು.

ಶಾಕೀರಗ ಔಷಧಕ್ಕಿಂತ ಸಾಕ್ಷಿ ಬೇಕಾಗಿತ್ತು. ಅಲ್ಲೇ ಹುಮೇರಾಗ ಫೋನ್ ಹಚ್ಚಿ ಡಾಕ್ಟರ ಕೈಯಾಗ ಕೊಟ್ಟ. ನೋಡ್ರಿ, ಶಾಣ್ಯಾನ ದಡ್ಡತನ ಅಂದ್ರ ಇದ. ಡಾಕ್ಟರು ಎಲ್ಲಾ ಬಿಡಿಸಿ ಬಿಡಿಸಿ ಹೇಳಿದ್ರು. ಹುಮೇರಾ ಪೂರಾ ಕೇಳಿದ್ಲು.

"ಅಣ್ಣಾ, ನಿಮ್ಮ ಲಾರಿ ಈಗ ಎಲ್ಲಿ ನಿಂತೈತಿ?" ಅಂದು ಕಟ್ ಮಾಡಿದ್ಲು.

೬

ಸುದ್ದಿ ಕುರುಗೋಡಿಗೂ ಮುಟ್ಟಿತು. ಅಲ್ಲಿ ಮೊಹರಂದಾಗ ಮುಂದ ನಿಂತು ಪದ ಎತ್ತಾವ ಶಾಕೀರನ. ಹಲಗಿ ಬಾರಿಸೋ ಗೆಳ್ಯಾ ಜಂಬಣ್ಣ ಬಂದು, ಆಣಿ ಮುರದಾವ ದೇವರ ಮುಂದ ಹಾಡಬಾರ್ದು ಅಂತಾರ ಮಂದಿ, ಈ ವರ್ಷ ಹಿಂದ ನಿಂತು ಬಿಡು ಅಂದ. ಜಂಬಣ್ಣ ಕೆಟ್ಟಾವಲ್ಲ, ಹೇಳುವಾಗ ಮಕ ನೋಡಲಿಲ್ಲ. ಶಾಕೀರಗ ಪದ ಕೈಬಿಟ್ಟು ಹೋದದ್ದೂ ಅಷ್ಟು ಚುಚ್ಚಲಿಲ್ಲ. ಹುಮೇರಾ ನಂಬಲಿಲ್ಲಲ್ಲ, ಅದೊಂದ ಎದಿಗೆ ಬಡದಿತ್ತು.

ಮುಕ್ತಾಯ ಒಂದು: ದವಡಿ ವಾಸಿ ಆಗಿ ಶಾಕೀರ್ ಪದ ಎತ್ತತಾನ, ಮಂದ್ಯಾಗ ನಿಂತ ಹುಮೇರಾನ ಕಣ್ಣಾಗ ನೀರು. (ಚಪ್ಪಾಳಿ ಬ್ಯಾಡ್ರಿ, ಬರದದ್ದಕ್ಕ ನನಗ ನಾಚಿಕಿ ಬರ್ತೈತಿ.)

ಮುಕ್ತಾಯ ಎರಡು: ಶಾಕೀರ್ ಫೋನು ಒಯ್ದು ಹಗರಿ ಹೊಳ್ಯಾಗ ಒಗೀತಾನ. ಇದನ್ನ ಓದಿದ ಶಾಕೀರ್ ಅರ್ಧ ಬಾಯಿಲೆ ನಕ್ಕು, ನಾಳಿಂದ ನಮಗ ಕೂಳು ನೀವು ಹಾಕ್ತೀರೇನ್ರಿ ಅಂದ.

ಮುಕ್ತಾಯ

ನಾ ಕಳಿಸಿಲ್ಲ. ಶಾಕೀರ್ ತಾನ ಸಿರುಗುಪ್ಪದ ಬಸ್ಸು ಹತ್ತಿದ. ಆಡಾಕ ಚಂದ ಚಂದ ಮಾತು ಬರದು ಕೊಟ್ಟಿದ್ದೆ, ಒಂದೂ ಆಡಲಿಲ್ಲ. ಹುಮೇರಾನ ಎದುರು ಕುಂತು, ಆಕಿ ಎರಡೂ ಕೈ ಹಿಡದು, ಬೆರಳು ತನ್ನ ಕಿವಿ ಮುಂದ ಇಟಗೊಂಡ. ಆದಷ್ಟು ಬಾಯಿ ತೆರದ. ಮುಚ್ಚಿದ. ನೋವಿಗೆ ಕಣ್ಣು ತುಂಬಿದ್ವು. ಮತ್ತ ತೆರದ. ಆಕಿ ಕೈ ತಗೀಲಿಲ್ಲ.

"ಅಬ್ಬಾಗ ಹಿಂಗ ಟಕ್ ಅಂತಿದ್ದಿಲ್ಲ," ಅಂದ್ಲು ಹುಮೇರಾ. "ಅವರ ಕೆನ್ನಿ ಕಲ್ಲಾಗಿತ್ತು. ದಿನಾ ನಾನ ಮುಟ್ಟಿ ನೋಡ್ತಿದ್ದೆ."

ಶಾಕೀರ್ ಅಳಾಕತ್ತಿದ. ನಾ ಇನ್ನಷ್ಟು ಹತ್ರ ಸರದೆ. ನಂಬಿದ್ಲೋ? ಬಳ್ಳಾರಿಗೆ ಹೋಗ್ತಾಳೋ? ಈ ಸಲ ಪದ ಎತ್ತೂದು ಯಾರು? ನಿಮಗೂ ಬೇಕು, ನನಗೂ ಬೇಕು. ಇನ್ನೊಮ್ಮೆ ತೆರಿ ಶಾಕೀರ, ಅಂದೆ.

ಹುಮೇರಾ ನನ್ನ ಕಡೆ ತಿರುಗಿದ್ಲು. "ಅವರಿಗೆ ನೋವೈತಿ. ನಿಮ್ಮ ಕತಿ ಮುಗೀಲಿ ಅಂತ ಅವರ ಬಾಯಿ ಇನ್ನ ಎಷ್ಟು ಸಲ ತೆರಸ್ತೀರಿ? ಏಳ್ರಿ ಅತ್ಲಾಗ."

ಎದ್ದೆ. ಬಾಗಲದಾಗ ತಿರುಗಿ ನೋಡಿದಾಗ ಆಕಿ ಅನ್ನ ಹಾಲಾಗ ಹಾಕಿ ಮೆತ್ತಗ ಕಿವುಚ್ತಿದ್ಲು. ಆಮ್ಯಾಲೆ ಏನಾತು ಅಂತ ನನ್ನ ಕೇಳಬ್ಯಾಡ್ರಿ. ಒಳಗಿಂದ ಚಿಲಕ ಹಾಕ್ಯಾರ.